ಅವಳ ಹಿಂದೆ ನಾನು ನಡೆದ ಮಳೆಗಾಲ

ಹೋದ ವಾರ ಗಂಗಾವತಿಯ ಬಸ್ ನಿಲ್ದಾಣದ ಹೊರಗೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದರ ತುಂಬ ನೆಲ್ಲಿನ ಸಸಿಯ ಕಟ್ಟುಗಳು. ಆಗಷ್ಟೇ ಕಿತ್ತು ತಂದವು. ಬೇರಿನಿಂದ ಕೆಸರು ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಡುದಾರಿಯಲ್ಲಿ ನಿಂತುಬಿಟ್ಟೆ. ಜೊತೆಗಿದ್ದ ಮಗ ತೋಳು ಹಿಡಿದು, "ಯಾಕಪ್ಪಾ, ಚಕ್ಕರ್ ಬಂತೇನು?" ಅಂದ. ಇಲ್ಲ ಅಂದೆ. ಅವನ ತಾಯಿ ಹುಲಿಗೆವ್ವ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನಾನು ಎಲ್ಲಿ ನಿಂತರೂ ಅವನಿಗೆ ಅಂಜಿಕೆ.

ನನಗೆ ಚಕ್ಕರ್ ಬಂದಿರಲಿಲ್ಲ, ಒಂದು ಮಳೆಗಾಲ ನೆನಪಾಗಿತ್ತು. ಆಗ ನಿಜಾಮನ ಆಳ್ವಿಕೆ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು ಅಂತ ಹೇಳುತ್ತಿದ್ದರು. ನಮಗೆ ಗೊತ್ತಾಗಿದ್ದು ಅಂಗಡಿಯಲ್ಲಿ ಚಿಮಣಿ ಎಣ್ಣೆ ಸಿಗದೆ ಹೋದಾಗ. ನಾವು ಆನೆಗೊಂದಿಯಲ್ಲಿದ್ದೆವು. ನನ್ನ ಹತ್ತಿರ ಒಂದು ಜೋಡಿ ಎತ್ತಿದ್ದವು. ಗದ್ದೆ ಇದ್ದವರಿಗೆ ನೀರು ಕಟ್ಟಿದ ಮೇಲೆ ಉತ್ತು ಕೆಸರು ಮಾಡಿ ಕೊಡುವುದು ನನ್ನ ಕೆಲಸ. ನಾನು ಕೆಸರು ಮಾಡಿದ ಗದ್ದೆಗೆ ಹುಲಿಗೆವ್ವ ತನ್ನ ಹೆಣ್ಣಾಳುಗಳನ್ನು ಕರೆದುಕೊಂಡು ಸಸಿ ಹಚ್ಚಲು ಇಳಿಯುತ್ತಿದ್ದಳು.

ನೆಲ್ಲು ಹಚ್ಚುವುದನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅದು ಹಿಂದಕ್ಕೆ ನಡೆಯುವ ಕೆಲಸ. ಬಾಗಿದ ಮೈ, ಮುಂದೆ ಸಸಿ ಊರುವ ಕೈ, ಮೊಣಕಾಲಿನ ತನಕ ಕೆಸರಿನಲ್ಲಿ ಹಿಂದೆ ಹಿಂದೆ ಸರಿಯುವ ಕಾಲು. ಬದುವಿನ ಪಕ್ಕದ ಮೊದಲ ಸಾಲು ಹಿಡಿದವಳು ಹೇಗೆ ಹೋಗುತ್ತಾಳೋ ಉಳಿದವರು ಹಾಗೆ. ಅವಳ ಸಾಲು ಸೊಟ್ಟಾದರೆ ಗದ್ದೆಯೇ ಸೊಟ್ಟ. ಅವಳು ನಿಂತರೆ ಎಲ್ಲರೂ ನಿಲ್ಲಬೇಕು. ಹಾಡು ಎತ್ತುವವಳೂ ಅವಳೇ. ನಮ್ಮೂರಲ್ಲಿ ಆ ಬದುವಿನ ಸಾಲು ಮೊದಲು ನನ್ನ ಅವ್ವನದಿತ್ತು. ಅವ್ವನ ಬೆನ್ನು ಬಾಗಿದ ವರ್ಷ, ಯಾರಿಗೂ ಏನೂ ಹೇಳದೆ, ಮೊದಲ ಕಟ್ಟು ಬಿಚ್ಚಿ ಸೊಸೆಯ ಕೈಗೆ ಕೊಟ್ಟಳು. ಅಂದಿನಿಂದ ಅದು ಹುಲಿಗೆವ್ವನದು. ಕೆಸರಿಗೆ ಇಳಿಯಲು ಆಗದವರು ಬದುವಿನ ಮೇಲೆ ನಿಂತು ಕಟ್ಟು ಎಸೆದು ಕೊಡುತ್ತಾರೆ. ಮುದುಕಿಯರು, ಬಾಣಂತನ ಮುಗಿಸಿ ಬಂದವರು. ಅದೂ ಕೆಲಸವೇ. ಆದರೆ ಒಮ್ಮೆ ಬದುವಿಗೆ ಹತ್ತಿದ ಮೊದಲ ಸಾಲಿನವಳು ಮತ್ತೆ ಇಳಿದದ್ದನ್ನು ನಾನು ನೋಡಿರಲಿಲ್ಲ.

ಹುಲಿಗೆವ್ವ ಬಿದ್ದದ್ದು ಸಂಕ್ರಾಂತಿಯ ಮುಂಚೆ. ಆನೆಗೊಂದಿಯಲ್ಲಿ ಕುದಿಸಿದ ನೆಲ್ಲನ್ನು ದೊಡ್ಡ ಬಂಡೆಗಳ ಮೇಲೆ ಒಣಗಿಸುತ್ತಿದ್ದೆವು. ಅಷ್ಟು ಹಸನಾದ ಕಣ ಬೇರೆಲ್ಲಿ ಸಿಗಬೇಕು? ತುಂಬಿದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಇಳಿಯುವಾಗ ಕಾಲ ಕೆಳಗೆ ಕಾಳು ಜಾರಿತು. ಬಲಗಾಲ ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಎಲುಬು ಕಟ್ಟುವವನನ್ನು ಹಿಟ್ನಾಳದ ಕಡೆಯಿಂದ ಕರೆಸಿದೆ. ಅವನು ಎಳೆದು ಕೂಡಿಸಿ, ಬಿದಿರ ದಬ್ಬೆ ಇಟ್ಟು ಕಟ್ಟಿದ. ಶಿವರಾತ್ರಿ ಕಳೆದ ಮೇಲೆ ಬಿಚ್ಚಿದಾಗ ಎಲುಬು ಕೂಡಿತ್ತು, ನೆಟ್ಟಗೂ ಇತ್ತು. ಅವ್ವ ಅವನಿಗೆ ಹೋಳಿಗೆ ಮಾಡಿ ಬಡಿಸಿದಳು.

ಆದರೆ ಎದ್ದು ನಿಂತ ಹುಲಿಗೆವ್ವ ಬೇರೆಯೇ ಆಗಿದ್ದಳು. ಬಲಗಾಲ ತುದಿಯಷ್ಟೇ ನೆಲಕ್ಕೆ ಮುಟ್ಟುತ್ತಿತ್ತು. ಪ್ರತಿ ಹೆಜ್ಜೆಗೂ ಸೊಂಟ ಮೇಲೆದ್ದು ಬೀಳುತ್ತಿತ್ತು. ನೋಡಿದವರೆಲ್ಲ ಒಂದೇ ಮಾತು ಅಂದರು: "ಎಲುಬು ಕೂಡುವಾಗ ಕಾಲು ಗಿಡ್ಡ ಆಗೇತಿ." ನಾವೂ ನಂಬಿದೆವು. ಗಿಡ್ಡಾದ ಕಾಲಿಗೆ ಎತ್ತರ ಕೊಡಬೇಕಲ್ಲ. ಚಪ್ಪಲಿ ಹೊಲಿಯುವವನಿಗೆ ಹೇಳಿ ಬಲಗಾಲ ಚಪ್ಪಲಿಗೆ ಹಿಂದುಗಡೆ ತೊಗಲಿನ ಮೇಲೆ ತೊಗಲು ಹಚ್ಚಿಸಿದೆ. ಅದನ್ನು ಮೆಟ್ಟಿಕೊಂಡಾಗ ಅವಳಿಗೆ ನಡೆಯುವುದು ಹಗುರಾಯಿತು. ನನಗೆ ದೊಡ್ಡ ಕೆಲಸ ಮಾಡಿದಷ್ಟು ಖುಷಿ. ಬಲಗೈಯಲ್ಲಿ ಕೋಲು, ಬಲಗಾಲಲ್ಲಿ ಎತ್ತರದ ಚಪ್ಪಲಿ. ಯುಗಾದಿಯ ಹೊತ್ತಿಗೆ ಅವಳು ಕೆರೆಯ ತನಕ ಹೋಗಿ ಬರುತ್ತಿದ್ದಳು. ಆಮೇಲೆ ಮೊಣಕಾಲು ನೋಯತೊಡಗಿತು. ಸೊಂಟವೂ.

ರೋಹಿಣಿ ಮಳೆಯ ಮೋಡ ಕಂಡ ಮೇಲೆ ಒಂದು ಸಂಜೆ ಯಂಕವ್ವ ಬಂದಳು. ಅವಳದು ಹುಲಿಗೆವ್ವನ ಪಕ್ಕದ ಸಾಲು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. ಆಮೇಲೆ ಹೇಳಿದಳು:

"ಹುಲಿಗಿ, ಈ ವರ್ಷ ನೀ ಕಟ್ಟು ಕೊಡವ್ವಾ. ಬದುವಿನ ಸಾಲು ನಾ ನೋಡ್ತೀನಿ."

"ಯಾಕ? ನಾ ಸತ್ತೀನೇನು?"

"ಸತ್ತಿದ್ರ ಕೇಳಾಕ ಬರ್ತಿದ್ದಿಲ್ಲ, ಇಳದುಬಿಡ್ತಿದ್ನಿ. ಕೆಸರಾಗ ನೀ ಬಿದ್ರ ಸಾಲೆಲ್ಲ ನಿಂತುಬಿಡತೈತಿ. ಗದ್ದಿ ಮಾಲಕ್ರು ಬ್ಯಾರೆ ಹೆಣ್ಣಾಳು ಕರಕೊಂಡ ಬಂದ್ರ ನಾವೆಲ್ಲರು ಎಲ್ಲಿ ಹೋಗೂಣು?"

"ನಾ ಬದುವಿನ ಮ್ಯಾಲ ಕುಂದ್ರಂಗಿಲ್ಲ ಯಂಕಿ."

"ಹಂಗಾರ ನಡದು ತೋರ್ಸು."

ಹುಲಿಗೆವ್ವ ಏಳಲಿಲ್ಲ. ಯಂಕವ್ವನೂ ಒತ್ತಾಯ ಮಾಡಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಅವಳು ಹೋದ ಮೇಲೆ ನನ್ನ ಹೆಂಡತಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಳು. ಅಷ್ಟು ಜೋರಾಗಿ ಬಡಿದದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಗಾಡಿ ಕಟ್ಟಿದೆ. ಗಂಗಾವತಿಯ ದವಾಖಾನೆಗೆ ಹೈದರಾಬಾದ್ ಕಡೆಯ ಒಬ್ಬ ಡಾಕ್ಟರ್ ಸಾಹೇಬರು ಬಂದಿದ್ದರು. ನಡುವಯಸ್ಸಿನವರು, ತೆಳ್ಳಗೆ, ನಗುವ ಕಣ್ಣು. ಕನ್ನಡದಲ್ಲಿ ಉರ್ದು ಸೇರಿಸಿ ಮಾತಾಡುತ್ತಿದ್ದರು. ಮೊಣಕಾಲಿಗೆ ಏನಾದರೂ ಎಣ್ಣೆ ಕೊಡಿ ಅಂತ ನಾನು ಕೇಳಿದೆ. ಅವರು ಮೊಣಕಾಲು ನೋಡಲೇ ಇಲ್ಲ. ಹುಲಿಗೆವ್ವನನ್ನು ಮಲಗಿಸಿ ಒಂದು ದಾರ ತರಿಸಿ ಎರಡೂ ಕಾಲಿಗೆ ಹಿಡಿದು ಅಳತೆ ಮಾಡಿದರು. ಎರಡೂ ಒಂದೇ.

"ಯಾರು ಹೇಳಿದರು ಕಾಲು ಗಿಡ್ಡ ಆಗ್ಯಾದ ಅಂತ?"

"ಊರೆಲ್ಲ ಹೇಳತೈತ್ರಿ," ಅಂದೆ.

"ಊರಿಗೆ ದಾರ ಇರಲಿಲ್ಲ ಕಾಣ್ತದ." ನಕ್ಕರು. "ಕಟ್ಟಿದವನಿಗೆ ಶಾಬಾಷ್ ಹೇಳು. ಹಡ್ಡಿ ಛಲೋ ಕೂಡ್ಯಾದ."

ಆಮೇಲೆ ಬಾಗಿಲಲ್ಲಿದ್ದ ಬಕೀಟಿನ ನೀರಿನಲ್ಲಿ ಎರಡೂ ಕಾಲು ಅದ್ದಿಸಿ, ಚಪ್ಪಲಿ ಇಲ್ಲದೆ ಕಲ್ಲುಚಪ್ಪಡಿಯ ಮೇಲೆ ನಡೆಸಿದರು. ಅವಳು ಗೋಡೆ ಹಿಡಿದು ನಡೆದಳು. ಕಪ್ಪು ಕಲ್ಲಿನ ಮೇಲೆ ಹಸಿ ಹೆಜ್ಜೆ ಮೂಡಿದವು. ಎಡಗಾಲಿನದು ಪೂರಾ ಹೆಜ್ಜೆ. ಬಲಗಾಲಿನದು ಐದು ಬೆರಳು, ಅದರ ಹಿಂದೆ ಒಂದು ತುಂಡು, ಅಷ್ಟೇ.

"ಹಿಮ್ಮಡ ಎಲ್ಲಿ ಅದ ಅಮ್ಮಾ?" ಡಾಕ್ಟರು ಕೇಳಿದರು.

ಹುಲಿಗೆವ್ವ ತಿರುಗಿ ತನ್ನ ಹೆಜ್ಜೆ ನೋಡಿದಳು. ನೋಡುತ್ತಲೇ ನಿಂತಳು.

ಡಾಕ್ಟರು ತಿಳಿಸಿ ಹೇಳಿದರು. ದಬ್ಬೆ ಕಟ್ಟಿಕೊಂಡು ಮಲಗಿದಷ್ಟು ದಿನ ಪಾದ ಕೆಳಗೆ ಜೋತುಬಿದ್ದಿತ್ತು, ಮೇಲೆ ಕಂಬಳಿಯ ಭಾರ. ಹಸಿ ತೊಗಲು ಒಣಗಿದರೆ ಮುದುಡುವ ಹಾಗೆ ಹಿಮ್ಮಡಿಯ ಹಿಂದಿನ ನರ ಮುದುಡಿಕೊಂಡಿದೆ. ಅದಕ್ಕೇ ಹಿಮ್ಮಡಿ ನೆಲಕ್ಕೆ ಬರುತ್ತಿಲ್ಲ. ಪಾದ ಬಾಗದ್ದಕ್ಕೆ ಸೊಂಟ ಎತ್ತಿ ಕಾಲು ದಾಟಿಸುತ್ತಾಳೆ, ಅದಕ್ಕೇ ಮೊಣಕಾಲಿಗೂ ಸೊಂಟಕ್ಕೂ ನೋವು. ಎತ್ತರದ ಚಪ್ಪಲಿ ಆ ನರವನ್ನು ಹಿಗ್ಗಲು ಬಿಡದೆ ಹಾಗೇ ಇಟ್ಟಿದೆ. ನಾನು ಹೊಲಿಸಿದ ಚಪ್ಪಲಿಯನ್ನು ಅವರು ಎತ್ತಿ ನನ್ನ ಕೈಗೇ ಕೊಟ್ಟರು. "ಹೊಲಿಗಿ ಭಾಳ ಗಟ್ಟಿ ಅದ. ಮನ್ಯಾಗ ಇಟ್ಟುಬಿಡು."

ಕೋಲನ್ನು ಎಡಗೈಗೆ ಹಿಡಿಯಲು ಹೇಳಿದಾಗ ಮಾತ್ರ ಹುಲಿಗೆವ್ವ ಸುಮ್ಮನಿರಲಿಲ್ಲ.

"ಎಡಗೈಯಾಗ ಹ್ಯಾಂಗ ಹಿಡೀಲ್ರಿ ಸಾಹೇಬರ? ಕಂಡವ್ರು ಏನಂದಾರು? ಗುಡಿಗೆ ಎಡಗೈ ಮುಂದ ಮಾಡ್ಕೊಂಡು ಹೋಗ್ಲೇನ್ರಿ?"

"ಬಲಗಾಲು ಮುಂದ ಹೋಗುವಾಗ ಎಡಗೈ ಮುಂದ ಹೋಗ್ತದ. ಅದು ಭಗವಂತ ಮಾಡಿದ ರಿವಾಜು, ನಾ ಮಾಡಿದ್ದಲ್ಲ. ಕೋಲು ಅತ್ಲಾಕಡೆ ಇದ್ದರ ಭಾರ ತಗೋತದ, ಇತ್ಲಾಕಡೆ ಇದ್ದರ ನಿನ್ನ ಮೈ ಎಲ್ಲ ಬಲಗಡೆ ವಾಲ್ತದ. ಮತ್ತ ಗುಡ್ಯಾಗ ಪ್ರಸಾದ ತಗೊಳ್ಳಾಕ ಬಲಗೈ ಖಾಲಿ ಇರ್ತದಲ್ಲಮ್ಮಾ, ಇನ್ನೇನು ಬೇಕು?"

ಅವಳಿಗೆ ನಗು ಬಂತು. ಕೋಲು ಕೈ ಬದಲಿಸಿದಳು.

ಹೊರಡುವಾಗ ನನ್ನನ್ನು ಕರೆದು ಹೇಳಿದರು: "ತನ್ನ ನಡಿಗೆ ತನಗ ಕಾಣಂಗಿಲ್ಲ. ನೀ ಹಿಂದಿನಿಂದ ನೋಡು. ಹಿಮ್ಮಡ ಮೊದಲು ಬೀಳ್ತದೇನು, ಸೊಂಟ ಏಳ್ತದೇನು, ಎರಡೂ ಹೆಜ್ಜಿ ಸಮ ಅದಾವೇನು. ದಿನಾ ನೋಡು."

ಹಿಂದಿನಿಂದ ನೋಡಬೇಕು ಅಂದರೆ ಹಿಂದೆ ನಡೆಯಬೇಕು. ಇದನ್ನು ಈಗಿನವರಿಗೆ ಹೇಗೆ ತಿಳಿಸಲಿ? ನಮ್ಮಲ್ಲಿ ಗಂಡ ಮುಂದೆ, ಹೆಂಡತಿ ಹಿಂದೆ. ಮದುವೆಯಾದ ದಿನದಿಂದ ಹಾಗೇ ನಡೆದಿದ್ದೆವು. ಹೊಳೆಗೆ, ಹುಲಿಗಿ ಊರಿನ ಜಾತ್ರೆಗೆ, ಅವಳ ತವರಿಗೆ, ಎಲ್ಲಿ ಹೋದರೂ ಅವಳ ಬಳೆಯ ಸದ್ದು ನನ್ನ ಬೆನ್ನ ಹಿಂದೆ. ಅವಳು ಹೇಗೆ ನಡೆಯುತ್ತಾಳೆ ಅನ್ನುವುದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡುವ ದಾರಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಹೊಳೆಯ ದಾರಿಯಲ್ಲಿ ಹೊರಟೆವು. ಅವಳು ಮುಂದೆ, ಎಡಗೈಯಲ್ಲಿ ಕೋಲು, ನಾನು ಹಿಂದೆ. ಹರಿಗೋಲಿನ ಹತ್ತಿರ ಕುಳಿತವರು ಬಿಟ್ಟಾರೆಯೇ?

"ಏನು ಈರಪ್ಪಾ, ಹೆಂಡ್ತಿ ಎಲ್ಲಿ ಕರಕೊಂಡ ಹೊಂಟಾಳ?"

"ದಾರಿ ತಪ್ಪಿ ಹೋದೀ ನೋಡು, ಸೆರಗು ಹಿಡಕೋ!"

ನನ್ನ ಮುಖ ಬಿಸಿಯಾಯಿತು. ಹುಲಿಗೆವ್ವ ತಿರುಗದೆ ಅಂದಳು: "ನನಗೇನ್ ನಾಚಿಕಿಲ್ಲ. ನಿಮಗಿದ್ರ ಮನಿಗೆ ಹೋಗ್ರಿ." ನಾನು ಹೋಗಲಿಲ್ಲ. ನೋಡತೊಡಗಿದ ಮೇಲೆ ನಾಚಿಕೆ ತಾನೇ ಹಿಂದೆ ಬಿತ್ತು. ಎತ್ತು ಸಾಕಿದವನಿಗೆ ಕುಂಟು ಗುರುತಿಸುವುದು ಹೊಸದಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಿಂದೆ ನಿಂತು ಎರಡೂ ಸೊಂಟದ ಎಲುಬು ಸಮ ಏರಿಳಿಯುತ್ತವೆಯೇ ಅಂತ ನೋಡುತ್ತೇವೆ. ಹಾಗೆ ನೋಡಿದಾಗ ಡಾಕ್ಟರು ಹೇಳದ ಒಂದು ಸಂಗತಿಯೂ ಕಂಡಿತು. ಬಲಗಾಲು ಊರಿದ ಕೂಡಲೇ ಅವಳು ಅದರ ಮೇಲೆ ನಿಲ್ಲುತ್ತಿರಲಿಲ್ಲ. ಬೆಂಕಿ ತುಳಿದವರ ಹಾಗೆ ಎಡಗಾಲನ್ನು ಅವಸರದಿಂದ ಇಡುತ್ತಿದ್ದಳು. ನೋವು ಹೋದರೂ ಅಂಜಿಕೆ ಹೋಗಿರಲಿಲ್ಲ.

"ಬಲಗಾಲ ಮ್ಯಾಲ ನೀ ನಿಂದ್ರವಲ್ಲಿ," ಅಂದೆ. "ಎಡಗಾಲು ಗಡಿಬಿಡಿ ಮಾಡಾಕತ್ತೈತಿ."

"ನನ್ನೇನು ಎತ್ತಂತ ತಿಳದೀರೇನು?"

"ಎತ್ತಾಗಿದ್ರ ಇಷ್ಟೊತ್ತಿಗೆ ಮಾತು ಕೇಳ್ತಿತ್ತು."

ಅವಳು ಕೋಲು ಎತ್ತಿ ತೋರಿಸಿದಳು. ಅದೂ ಎಡಗೈಯಲ್ಲೇ.

ದಾರಿಯಲ್ಲಿ ನಾನು ಕಣ್ಣಾದೆ, ಮನೆಯಲ್ಲಿ ಅವಳಿಗೆ ನಾನು ಬೇಕಾಗಲಿಲ್ಲ. ದವಾಖಾನೆಯ ಕಲ್ಲಿನ ಮೇಲೆ ಕಂಡ ಹೆಜ್ಜೆ ಅವಳ ತಲೆಯಲ್ಲಿ ಕುಳಿತಿತ್ತು. ಬೆಳಿಗ್ಗೆ ಸೆಗಣಿಯಿಂದ ಪಡಸಾಲೆ ಸಾರಿಸಿ, ಅದು ಅರೆ ಒಣಗಿದಾಗ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದಳು. ಆಮೇಲೆ ಕುಳಿತು ತನ್ನ ಹೆಜ್ಜೆಗಳನ್ನು ತಾನೇ ಓದುತ್ತಿದ್ದಳು. ಅವ್ವನಿಗೆ ತಲೆ ಕೆಟ್ಟಿತು. ಸಾರಿಸಿದ ನೆಲ ಒಣಗುವ ತನಕ ಬೆಕ್ಕು ಹಾಯ್ದರೂ ಬೈಯುವ ಹೆಂಗಸು ಅವಳು.

"ಇದು ಪಡಸಾಲಿನೋ, ನಿನ್ನ ಕಾಲಿನ ಪಾಟಿನೋ?"

"ಪಾಟೀನ ಅತ್ತಿ. ಅಕ್ಷರ ಇನ್ನ ಮೂಡವಲ್ದು."

ಅವ್ವ ಗೊಣಗುತ್ತ ಬಾಗಿ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಅಂದಿನಿಂದ ಆಕೆಯೇ ಸೆಗಣಿ ಕಲಸಿ ಕೊಡತೊಡಗಿದಳು. ಸೊಸೆ ನಡೆದ ಮೇಲೆ ಅವಳಿಗಿಂತ ಮೊದಲು ಬಂದು ಹಿಮ್ಮಡಿ ಹುಡುಕುವವಳೂ ಆಕೆಯೇ.

ಮಧ್ಯಾಹ್ನ ಹುಲಿಗೆವ್ವ ದವಾಖಾನೆಯಲ್ಲಿ ತೋರಿಸಿಕೊಟ್ಟ ಹಾಗೆ ಕಾಲು ಚಾಚಿ ಕುಳಿತು, ನನ್ನ ಹಳೆಯ ಪಂಚೆಯನ್ನು ಪಾದಕ್ಕೆ ಸುತ್ತಿ, ಎರಡೂ ಕೈಯಿಂದ ತನ್ನ ಕಡೆಗೆ ಜಗ್ಗುತ್ತಿದ್ದಳು. ಗೋಡೆಗೆ ಕೈ ಊರಿ ಬಲಗಾಲು ಹಿಂದಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಒತ್ತುತ್ತಿದ್ದಳು. ಜಗ್ಗಿದ ಹಾಗಾದರೆ ಒಳ್ಳೆಯದು, ಚುಚ್ಚಿದರೆ ಬಿಡಬೇಕು ಅಂತ ಡಾಕ್ಟರು ಹೇಳಿದ್ದರು. ಒಮ್ಮೆ ಚುಚ್ಚಿದರೂ ಅವಳು ಬಿಡಲಿಲ್ಲ. ಮೃಗಶಿರಾ ಮಳೆ ಬಂದು, ಸಸಿಮಡಿಗೆ ಬೀಜ ಬಿದ್ದದ್ದು ಕಂಡು ಅವಳಿಗೆ ಅವಸರ ಹತ್ತಿತು. ಇಡೀ ದಿನ ಗೋಡೆ ಬಿಟ್ಟು ಸರಿಯಲಿಲ್ಲ. ಮರುದಿನ ಕಾಲಗಂಟು ಬಾತು ಕುಂಬಳದ ಹೀಚಾಯಿತು. ಕಾಲು ನೆಲಕ್ಕೆ ಇಡಲು ಬರಲಿಲ್ಲ. ಆ ದಿನ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು.

"ಯಂಕಿಗೆ ಹೇಳಿಬಿಡ್ರಿ," ಅಂದಳು. "ಸಾಲು ಆಕಿನ ಹಿಡೀಲಿ."

ಅವ್ವ ಮೂಲೆಯಿಂದ ಹೇಳಿದಳು: "ಸಸಿ ಇನ್ನ ಗೇಣು ಆಗಿಲ್ಲ. ಅದಕ್ಕಿಲ್ಲದ ಗಡಿಬಿಡಿ ನಿನಗ್ಯಾಕ? ಸಸಿಯರೆ ಜಗ್ಗಿದ್ರ ಬೆಳಿತೈತೇನು?"

ಬಾವು ಇಳಿಯುವ ತನಕ ಅವಳು ಸುಮ್ಮನಿದ್ದಳು. ಆಮೇಲೆ ಅಳತೆಯಲ್ಲಿ ಮಾಡಿದಳು. ಸ್ವಲ್ಪ ಬೆಳಿಗ್ಗೆ, ಸ್ವಲ್ಪ ಮಧ್ಯಾಹ್ನ, ಸ್ವಲ್ಪ ಸಂಜೆ. ಎರಡೂ ಹೆಜ್ಜೆ ಸಮ ಬೀಳಲಿ ಅಂತ ದಾರಿಯಲ್ಲಿ ನಾಟಿಯ ಹಾಡು ಗುನುಗತೊಡಗಿದಳು. ಹಾಡಿಗೆ ಕುಂಟು ಇರುವುದಿಲ್ಲವಲ್ಲ. ತಾಳ ಎಷ್ಟು ಹೊತ್ತು ಎಡಗಾಲಿಗೆ ಕೊಡುತ್ತದೋ ಬಲಗಾಲಿಗೂ ಅಷ್ಟೇ ಕೊಡುತ್ತದೆ. ನಾನು ಹಿಂದೆ ನಡೆಯುತ್ತ ನೋಡುತ್ತಿದ್ದೆ. ಸೊಂಟ ಏಳುವುದು ಕಡಿಮೆಯಾಯಿತು. ಬೆನ್ನು ನೆಟ್ಟಗಾಯಿತು. ಆರಿದ್ರ ಮಳೆ ಹಿಡಿದ ದಿನಗಳಲ್ಲಿ ಒಂದು ಬೆಳಿಗ್ಗೆ ಪಡಸಾಲೆಯಿಂದ ಅವ್ವ ಕೂಗಿದಳು. ನಾನು ಎತ್ತಿಗೆ ಮೇವು ಹಾಕುತ್ತಿದ್ದವನು ಓಡಿ ಬಂದೆ. ಹಸಿ ನೆಲದ ಮೇಲೆ ಬಲಗಾಲ ಹೆಜ್ಜೆ ಪೂರ್ತಿ ಮೂಡಿತ್ತು. ಹಿಮ್ಮಡಿಯ ಗುರುತು ಎಡಗಾಲಿನಷ್ಟು ಆಳವಿರಲಿಲ್ಲ, ಆದರೆ ಇತ್ತು. ಅವ್ವ ಆ ಹೆಜ್ಜೆಯ ಸುತ್ತ ರಂಗೋಲಿಯ ಗೆರೆ ಎಳೆದಳು, ಯಾರೂ ತುಳಿಯಬಾರದು ಅಂತ.

ಆ ಕಾಲು ಮುಂದೆಯೂ ಚಳಿಗಾಲದ ಬೆಳಗುಗಳಲ್ಲಿ ಬಿಗಿಯುತ್ತಿತ್ತು. ಮೊಮ್ಮಕ್ಕಳು ಆದ ಮೇಲೂ ಅವಳು ಗೋಡೆಗೆ ಕೈ ಊರಿ ಹಿಮ್ಮಡಿ ಒತ್ತುವುದನ್ನು ಬಿಡಲಿಲ್ಲ. ಮನೆಯ ಆ ಗೋಡೆಗೆ ಅವಳ ಅಂಗೈಯ ಎತ್ತರದಲ್ಲಿ ಸುಣ್ಣ ಸವೆದಿದೆ. ಮಗ ಈ ಸಲ ಬಣ್ಣ ಹಚ್ಚಿಸೋಣ ಅಂದ. ಬೇಡ ಅಂದೆ.

ಪುಷ್ಯ ಮಳೆಗೆ ನಾಟಿ ಸುರುವಾಯಿತು. ಮೊದಲ ಗದ್ದೆಯನ್ನು ನಾನೇ ಕೆಸರು ಮಾಡಿದ್ದೆ. ನೇಗಿಲು ತೊಳೆಯುವ ನೆಪದಲ್ಲಿ ಕಾಲುವೆಯ ದಂಡೆಯಲ್ಲೇ ಉಳಿದೆ. ಹೆಣ್ಣಾಳುಗಳು ಸೀರೆ ಎತ್ತಿ ಕಟ್ಟಿ ಬದುವಿನ ಮೇಲೆ ನಿಂತಿದ್ದರು. ಹುಲಿಗೆವ್ವ ಬಂದಳು. ಯಂಕವ್ವ ಅವಳ ಕಾಲನ್ನೇ ನೋಡಿದಳು.

"ಹಾದ್ಯಾಗ ನಡ್ಯೋದು ಬ್ಯಾರೆ, ಕೆಸರಾಗ ಬ್ಯಾರೆ, ಹುಲಿಗಿ."

"ಗೊತ್ತೈತಿ."

"ಬುತ್ತಿ ಬಿಚ್ಚೂ ಮಟ ನೋಡ್ತೀನಿ. ಸಾಲು ಹಿಂದ ಬಿತ್ತಂದ್ರ ಬದುವಿಗೆ ಹತ್ತಬೇಕು. ಆಮ್ಯಾಲ ನನಗ ಬೈಬ್ಯಾಡ."

"ಬೈಯಂಗಿಲ್ಲ. ನೀನೂ ಎತ್ತಾಕ ಬರಬ್ಯಾಡ."

ಕೋಲನ್ನು ಬದುವಿನ ಮೇಲಿಟ್ಟು ಇಳಿದಳು. ಮೊದಲ ಹಿಡಿ ಸಸಿ ಊರಿ ಹಿಂದಕ್ಕೆ ಒಂದು ಹೆಜ್ಜೆ ಸರಿದಳು. ಎರಡನೆಯದಕ್ಕೆ ಬಲಗಾಲು ಕೆಸರಿನಲ್ಲಿ ಹುಗಿದು ನಿಂತಿತು. ಜಗ್ಗಿದಳು, ಬರಲಿಲ್ಲ. ಮೈ ವಾಲಿತು. ಪಕ್ಕದಲ್ಲಿದ್ದ ಯಂಕವ್ವನ ಕೈ ತಾನಾಗಿಯೇ ಮುಂದೆ ಬಂದು, ಅರ್ಧಕ್ಕೆ ನಿಂತಿತು. ಸಾಲೆಲ್ಲ ತಲೆ ಎತ್ತಿ ನೋಡಿತು. ನಾನು ನೇಗಿಲು ಬಿಟ್ಟು ಎದ್ದೆ.

ಹುಲಿಗೆವ್ವ ಜಗ್ಗುವುದನ್ನು ನಿಲ್ಲಿಸಿದಳು. ಅದೇ ಕಾಲಿನ ಮೇಲೆ ಭಾರ ಹಾಕಿ ನಿಂತಳು. ದಾರಿಯುದ್ದಕ್ಕೂ ನಾನು ಬೇಡಿಕೊಂಡ ಆ ನಿಲುವು ಅದು. ಬೆರಳು ಮೊದಲು ಇಳಿದು, ಹಿಂದೆ ಹಿಮ್ಮಡಿ ಮೆಲ್ಲಗೆ ತಳದ ಗಟ್ಟಿ ನೆಲಕ್ಕೆ ಕುಳಿತಿರಬೇಕು. ಹಿಂದಕ್ಕೆ ನಡೆಯುವಾಗ ಕೆಸರೇ ಹಿಮ್ಮಡಿಯನ್ನು ಕೆಳಗೆ ಜಗ್ಗುತ್ತದೆ, ಗೋಡೆಗಿಂತ ಅದೇ ಛಲೋ, ಅಂತ ಅವಳು ಆಮೇಲೆ ಹೇಳಿದಳು. ಆ ಗಳಿಗೆಯಲ್ಲಿ ಹಾಡು ಎತ್ತಿದಳು. ಉಳಿದವರು ದನಿ ಕೂಡಿಸಿದರು. ಕಾಲು ಕೆಸರಿನಿಂದ ಪಚಕ್ಕನೆ ಬಿಡಿಸಿಕೊಂಡು ಹಿಂದೆ ಬಂತು. ಮತ್ತೊಂದು ಹೆಜ್ಜೆ. ಮತ್ತೊಂದು.

ನಾನು ದಂಡೆಯ ಮೇಲೆ ಕುಳಿತುಬಿಟ್ಟೆ. ನನ್ನ ಕಡೆಗೆ ಬೆನ್ನು ಮಾಡಿ ಅವಳು ಹಿಂದೆ ಹಿಂದೆ ಬರುತ್ತಿದ್ದಳು. ಸೊಂಟದ ಎರಡೂ ಬದಿ ಸಮ ಏರಿ ಸಮ ಇಳಿಯುತ್ತಿದ್ದವು. ಮುಂದೆ ಹಸಿರು ಗೆರೆ, ದಾರ ಹಿಡಿದು ಎಳೆದಂತೆ. ಮಳೆ ಜಿನುಗಿತು, ನಿಂತಿತು, ಬಂಡೆಗಳ ಮೇಲೆ ಬಿಸಿಲು ಬಿತ್ತು. ಬುತ್ತಿಯ ಹೊತ್ತು ಹತ್ತಿರ ಬಂದಾಗ ಪಕ್ಕದ ಸಾಲಿನಿಂದ ಯಂಕವ್ವನ ದನಿ ಗದ್ದೆ ತುಂಬ ಕೇಳಿಸಿತು.

"ಏ ಹುಲಿಗೀ, ಸಾವಕಾಶ ಹೋಗ! ನಮ್ಮ ಸೊಂಟಾನೂ ಮುರೀಬೇಕಂತ ಮಾಡೀ ಏನು?"

ಹುಲಿಗೆವ್ವ ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ.

"ನಾ ಏನ್ ಮಾಡ್ಲೆವ್ವಾ? ಈ ಕಾಲು ಹೊಸಾದು. ಇದಕ್ಕ ದಣಿವು ಅಂದ್ರೇನಂತ ಇನ್ನ ಗೊತ್ತಿಲ್ಲ."